ರೈಲಿಗೆ ಬೇಡವಾದ ಹಳಿ, ಕಡಲಲ್ಲಿ ನೂರೈವತ್ತು ವರ್ಷ

ಪ್ರಶ್ನೆ: ಮಗಳ ಬಾಣಂತನಕ್ಕೆಂದು ಇಂಗ್ಲೆಂಡಿನ ಬ್ರಿಸ್ಟಲ್‌ಗೆ ಹೋಗಿದ್ದೆವು. ಒಂದು ಭಾನುವಾರ ಅಳಿಯ ಹತ್ತಿರದ ಕ್ಲೀವ್ಡನ್ ಎಂಬ ಊರಿಗೆ ಕರೆದುಕೊಂಡು ಹೋದರು. ಅಲ್ಲಿ ಕಡಲಿನೊಳಗೆ ಚಾಚಿಕೊಂಡ ಕಬ್ಬಿಣದ ಉದ್ದನೆಯ ಸೇತುವೆ. ಟಿಕೆಟ್ ಕೊಟ್ಟು ತುದಿಯವರೆಗೆ ನಡೆದೆವು, ಸ್ವಲ್ಪ ಹೊತ್ತು ಗಾಳಿಗೆ ಕೂತೆವು, ಬಂದ ದಾರಿಯಲ್ಲೇ ವಾಪಸ್ ಬಂದೆವು. ಅದನ್ನು ಹಳೇ ರೈಲು ಹಳಿಯಿಂದ ಕಟ್ಟಿದ್ದಂತೆ, ಒಮ್ಮೆ ಮುರಿದು ಬಿದ್ದಿತ್ತಂತೆ, ಪೂರ್ತಿ ಬಿಚ್ಚಿ ಮತ್ತೆ ಜೋಡಿಸಿದರಂತೆ. ನನಗೆ ಮೂರು ಸಂಶಯ. ಆಚೆ ದಡವೇ ಇಲ್ಲದ ಸೇತುವೆಯನ್ನು ಯಾಕೆ ಕಟ್ಟಿದರು? ನಮ್ಮ ಕುಂದಾಪುರದಲ್ಲಿ ಕಡಲ ಬದಿಯ ಮನೆಯ ಕಿಟಕಿ ಸರಳು ಹತ್ತು ವರ್ಷ ತಡೆಯುವುದಿಲ್ಲ, ಇದು ಹೇಗೆ ನಿಂತಿದೆ? ಬಿಚ್ಚಿ ಜೋಡಿಸಿದ ಮೇಲೂ ಅದನ್ನು ಹಳೆಯದು ಅನ್ನುವುದು ಹೇಗೆ?

ಉತ್ತರ: ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ನಿಮ್ಮ ಊರಲ್ಲೇ ಇದೆ. ಸೇತುವೆ ಅಂದ ಕೂಡಲೇ ಮನಸ್ಸು ಆಚೆ ದಡವನ್ನು ಹುಡುಕುತ್ತದೆ. ಅದರ ಬದಲು ಧಕ್ಕೆ ಅಂದುಕೊಳ್ಳಿ, ಅರ್ಧ ಗೊಂದಲ ಅಲ್ಲೇ ಕರಗುತ್ತದೆ. ಗಂಗೊಳ್ಳಿಯಲ್ಲೋ ಮಂಗಳೂರಿನ ಹಳೆ ಬಂದರಿನಲ್ಲೋ ದೋಣಿ ಬಂದು ತಾಗುವ ಧಕ್ಕೆಯ ಆಚೆ ದಡ ಯಾವುದು ಎಂದು ಯಾರೂ ಕೇಳುವುದಿಲ್ಲವಲ್ಲ. ಇಂಗ್ಲಿಷರು ಪಿಯರ್ ಅನ್ನುವುದೂ ಹುಟ್ಟಿನಲ್ಲಿ ಧಕ್ಕೆಯೇ. ಜನ ಅದರ ಮೇಲೆ ಸುಮ್ಮನೆ ಅಡ್ಡಾಡಲು ಶುರು ಮಾಡಿದ್ದು ಆಮೇಲೆ.

ಆದರೆ ಧಕ್ಕೆ ಇಷ್ಟು ಉದ್ದ ಯಾಕೆ? ನಮ್ಮ ಕರಾವಳಿಯಲ್ಲಿ ಉಬ್ಬರಕ್ಕೂ ಇಳಿತಕ್ಕೂ ನೀರಿನ ಮಟ್ಟದಲ್ಲಿ ಒಂದೂವರೆ ಮೀಟರ್ ಆಸುಪಾಸಿನ ವ್ಯತ್ಯಾಸ. ಕ್ಲೀವ್ಡನ್ ಇರುವ, ಬ್ರಿಸ್ಟಲ್ ಚಾನೆಲ್ ಎಂಬ ಕಡಲ ಚಾಚಿನಲ್ಲಿ ಅದು ಕೆಲವು ದಿನ 14 ಮೀಟರ್‌ವರೆಗೆ ಹೋಗುತ್ತದೆ. ನಾಲ್ಕು ಮಹಡಿಯ ಕಟ್ಟಡದಷ್ಟು ನೀರು ದಿನಕ್ಕೆರಡು ಸಲ ಬಂದು, ಎರಡು ಸಲ ಹೋಗುತ್ತದೆ. ಲೋಕದಲ್ಲಿ ಇದಕ್ಕಿಂತ ದೊಡ್ಡ ಏರಿಳಿತ ಇರುವ ಕಡಲು ಬೆರಳೆಣಿಕೆಯಷ್ಟು. ನೀವು ಹೋದಾಗ ಇಳಿತವಾಗಿದ್ದರೆ ಕೆಳಗೆ ಕಂದು ಬಣ್ಣದ ಕೆಸರು, ಕಲ್ಲು ಕಂಡಿರಬೇಕು. ಉಬ್ಬರವಾಗಿದ್ದರೆ ಅದೇ ಕಾಲುಗಳ ಮುಕ್ಕಾಲು ಪಾಲು ನೀರಿನಲ್ಲಿ ಮುಳುಗಿರುತ್ತದೆ. ಇಂಥ ಕಡೆ ಸ್ಟೀಮರ್ ದಡಕ್ಕೆ ಬರಲಾಗದು. ದಡವೇ ಸ್ಟೀಮರ್ ಇದ್ದಲ್ಲಿಗೆ ಹೋಗಬೇಕು. ಅದಕ್ಕೇ 312 ಮೀಟರ್.

ಇಂಥ ಧಕ್ಕೆಗಳು ಬರುವ ಮುಂಚೆ ಇಂಗ್ಲೆಂಡಿನ ಬಹಳಷ್ಟು ಕಡಲೂರುಗಳಲ್ಲಿ ಪ್ರಯಾಣಿಕರು ಇಳಿಯುತ್ತಿದ್ದ ಪರಿ ಮಜವಾಗಿತ್ತು. ಹಡಗು ದೂರದಲ್ಲಿ ನಿಲ್ಲಬೇಕು, ಸಣ್ಣ ದೋಣಿಗೆ ಇಳಿಯಬೇಕು, ದೋಣಿ ಕೆಸರಿಗೆ ತಾಗಿದ ಮೇಲೆ ಅಂಬಿಗರ ಹೆಗಲೇರಿ ದಡ ಸೇರಬೇಕು. ಟೋಪಿ ಹಾಕಿದ ಗಂಭೀರ ಮಹನೀಯರನ್ನು ಮೂಟೆಯ ಹಾಗೆ ಹೊತ್ತು ತರುತ್ತಿದ್ದರು. ವೈಟ್ ದ್ವೀಪದ ರೈಡ್ ಊರಿನವರು ಇದಕ್ಕೆ ಬೇಸತ್ತು 1814ರಲ್ಲಿ ಮರದ ಪಿಯರ್ ಕಟ್ಟಿದರು. ಇಂಥವುಗಳಲ್ಲಿ ಮೊದಲನೆಯದು ಅದೇ. ಅಷ್ಟರಲ್ಲಿ ವೈದ್ಯರು ಕಡಲಗಾಳಿ ಆರೋಗ್ಯಕ್ಕೆ ಒಳ್ಳೆಯದೆಂದು ಹೇಳತೊಡಗಿದ್ದರು. ರೈಲು ಬಂತು. 1871ರಲ್ಲಿ ಬ್ಯಾಂಕ್ ರಜಾ ಕಾಯ್ದೆ ಬಂದು ದುಡಿಯುವ ಜನಕ್ಕೂ ಒಂದೆರಡು ದಿನ ಬಿಡುವು ಸಿಕ್ಕಿತು. ಪಿಯರ್ ಕಟ್ಟುವವರು ಪಾರ್ಲಿಮೆಂಟಿಗೆ ಅಲೆಯುವ ಕಷ್ಟವನ್ನು 1861ರ ಇನ್ನೊಂದು ಕಾಯ್ದೆ ತಗ್ಗಿಸಿತ್ತು. ಊರ ವ್ಯಾಪಾರಿಗಳು ಕಂಪನಿ ಮಾಡಿಕೊಂಡು, ಷೇರು ಮಾರಿ, ಒಬ್ಬರಿಗಿಂತ ಒಬ್ಬರು ಉದ್ದದ ಪಿಯರ್ ಕಟ್ಟಿದರು. ಅವತ್ತು ಸುಮಾರು ನೂರು ಇದ್ದವು. ಇವತ್ತು ಉಳಿದಿರುವುದು ಅರವತ್ತರ ಆಸುಪಾಸು. ಎಲ್ಲಕ್ಕಿಂತ ಉದ್ದದ್ದು ಥೇಮ್ಸ್ ನದಿಯ ಅಳಿವೆಯಲ್ಲಿರುವ ಸೌತೆಂಡ್‌ನದ್ದು, ಎರಡು ಕಿಲೋಮೀಟರಿಗೂ ಹೆಚ್ಚು. ನಡೆಯಲಾಗದವರಿಗೆ ಅದರ ಮೇಲೆ ಪುಟ್ಟ ರೈಲೇ ಇದೆ.

ನಮಗೂ ಇದು ತೀರಾ ಅಪರಿಚಿತವಲ್ಲ. ಅಲಪ್ಪುಳದ ಕಡಲ ದಂಡೆಯಲ್ಲಿ ಸಾಲಾಗಿ ನಿಂತ ತುಕ್ಕು ಕಂಬಗಳನ್ನು ನೀವು ನೋಡಿರಬಹುದು, ಮಲಯಾಳಿಗಳು ಕಡಲ್‌ಪಾಲಂ ಅನ್ನುತ್ತಾರೆ. ಅದು 1862ರದ್ದು. ಸರಕು ಇಳಿಸಲು, ಹೇರಲು ಕಟ್ಟಿದ್ದು. ಕೋಯಿಕ್ಕೋಡಿನ ದಂಡೆಯಲ್ಲೂ ಅಂಥದ್ದೇ ಕಂಬಗಳಿವೆ. ಇಂಗ್ಲೆಂಡಿನ ಪಿಯರುಗಳ ದೊಡ್ಡ ಹೆಸರು ಯೂಜೀನಿಯಸ್ ಬರ್ಚ್. ಹದಿನಾಲ್ಕು ಪಿಯರ್ ಕಟ್ಟಿದ ಈತ ಅದಕ್ಕೂ ಮುಂಚೆ ಕಲ್ಕತ್ತಾ–ದಿಲ್ಲಿ ರೈಲು ಮಾರ್ಗದ ಕೆಲಸದಲ್ಲಿದ್ದವನು. ಅವನ ಕಟ್ಟಡಗಳ ಗುಮ್ಮಟ, ಜಾಲರಿಗಳಲ್ಲಿ ನಮ್ಮ ಕಡೆಯ ನೆರಳಿದೆ ಎಂದು ಹೇಳುವವರಿದ್ದಾರೆ. ಇರಬಹುದು.

ಕ್ಲೀವ್ಡನ್‌ನವರಿಗೆ ಮಾತ್ರ ಗುಮ್ಮಟ ಬೇಕಿರಲಿಲ್ಲ, ದೋಣಿ ಬೇಕಿತ್ತು. ಎದುರಿಗೆ ಕಾಣುವುದು ವೇಲ್ಸ್. ಅಲ್ಲಿಗೆ ರೈಲಿನಲ್ಲಿ ಹೋಗಬೇಕಾದರೆ ಸೆವರ್ನ್ ನದಿಯನ್ನು ಮೇಲಿಂದ ಬಳಸಿ ಸುತ್ತಬೇಕು. ಕ್ಲೀವ್ಡನ್‌ಗೆ 1847ರಲ್ಲೇ ರೈಲು ಬಂದಿತ್ತು. ರೈಲಿನಲ್ಲಿ ಇಲ್ಲಿಗೆ ಬಂದು, ಪಿಯರ್ ತುದಿಯಲ್ಲಿ ಸ್ಟೀಮರ್ ಹತ್ತಿ ಆಚೆ ವೇಲ್ಸ್‌ಗೆ ಇಳಿದರೆ ಸುತ್ತು ತಪ್ಪುತ್ತದೆ ಎಂಬುದು ಲೆಕ್ಕ. ಅಂದರೆ ನೀವು ಕೇಳಿದ ಆಚೆ ದಡ ಇದೆ, ಆದರೆ ಅದು ಕಡಲ ಆಚೆ! ಊರಿನ ಹಿರಿ ಜಮೀನ್ದಾರರಾದ ಎಲ್ಟನ್ ಮನೆತನದವರು ಬೆನ್ನಿಗೆ ನಿಂತರು. ಜಾನ್ ವಿಲಿಯಂ ಗ್ರೋವರ್ ಮತ್ತು ರಿಚರ್ಡ್ ವಾರ್ಡ್ ಎಂಬ ಎಂಜಿನಿಯರುಗಳು ನಕ್ಷೆ ಮಾಡಿದರು. 1869ರ ಮಾರ್ಚ್ 29, ಈಸ್ಟರ್ ಸೋಮವಾರ ಬಾಗಿಲು ತೆರೆಯಿತು. ಹದಿನೇಳು ವರ್ಷವಾದ ಮೇಲೆ, 1886ರಲ್ಲಿ, ಸೆವರ್ನ್ ನದಿಯ ಕೆಳಗೇ ರೈಲು ಸುರಂಗ ಬಂತು. ವೇಲ್ಸ್‌ಗೆ ಹೋಗುವವರು ರೈಲಿನಲ್ಲೇ ಕೂತು ಹೋದರು. ಪಿಯರ್‌ಗೆ ಹುಟ್ಟಿನ ಕೆಲಸ ಹೋಯಿತು. ಆಮೇಲಿನದ್ದು ವಿಹಾರದ ಸ್ಟೀಮರುಗಳು, ಗಾಳಿ ಸೇವನೆ, ಗಾಳ ಹಾಕುವವರು. 1893ರಲ್ಲಿ ತುದಿಯ ಕಟ್ಟೆಯನ್ನು ಬೀಡು ಕಬ್ಬಿಣದಲ್ಲಿ (ಕರಗಿಸಿ ಅಚ್ಚಿಗೆ ಎರೆದದ್ದು) ಹೊಸದಾಗಿ ಕಟ್ಟಿದರು, ಮರುವರ್ಷ ಅದರ ಮೇಲೆ ನೀವು ಕೂತು ಗಾಳಿ ಸೇವಿಸಿದ ಮಂಟಪ ಬಂತು.

ಈಗ ಹಳಿಯ ವಿಷಯ. ನಾನು ಹಳೆಯ ಕಬ್ಬಿಣದ ಸೇತುವೆಗಳ ತಪಾಸಣೆಯಲ್ಲೇ ತಲೆ ನೆರೆಸಿಕೊಂಡವನು, ಆದ್ದರಿಂದ ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಸಹಿಸಿಕೊಳ್ಳಿ.

ವಿಲಿಯಂ ಹೆನ್ರಿ ಬಾರ್ಲೋ ಎಂಬ ಎಂಜಿನಿಯರ್ 1849ರಲ್ಲಿ ಒಂದು ಹೊಸ ನಮೂನೆಯ ಹಳಿಗೆ ಪೇಟೆಂಟ್ ತೆಗೆದುಕೊಂಡ. ಮಾಮೂಲಿ ಹಳಿಗೆ ಕೆಳಗೆ ಸ್ಲೀಪರ್, ಅಂದರೆ ಅಡ್ಡಲಾಗಿ ಹಾಸುವ ದಿಮ್ಮಿ ಬೇಕು. ಬಾರ್ಲೋ ಹಳಿಗೆ ಬೇಡ. ಅದರ ಅಡ್ಡಕೊಯ್ತ ಕಣ್ಣಿಗೆ ತಂದುಕೊಳ್ಳಬೇಕಾದರೆ ಮನೆಯ ಮಾಡಿನ ತುದಿಗೆ ಕವುಚಿ ಹಾಕುವ ಮೂಲೆ ಹೆಂಚನ್ನು ನೆನೆಸಿಕೊಳ್ಳಿ: ನಡುವೆ ಉಬ್ಬು, ಎರಡೂ ಕಡೆ ಅಗಲವಾಗಿ ಇಳಿದ ರೆಕ್ಕೆ. ಆ ರೆಕ್ಕೆಗಳೇ ಜಲ್ಲಿಯ ಮೇಲೆ ನೇರವಾಗಿ ಕೂರುತ್ತವೆ, ಸ್ಲೀಪರಿನ ಖರ್ಚು ಉಳಿಯುತ್ತದೆ. ಯೋಚನೆ ಚೆನ್ನಾಗಿಯೇ ಇತ್ತು. ಆ ಕಾಲದ ಹೆಸರಾಂತ ರೈಲು ಎಂಜಿನಿಯರ್ ಬ್ರುನೆಲ್ ತನ್ನ ದಕ್ಷಿಣ ವೇಲ್ಸ್ ರೈಲು ಮಾರ್ಗಕ್ಕೆ ಇದನ್ನೇ ಹಾಕಿಸಿದ. ಗಾಡಿ ಓಡಾಡಿದಂತೆ ತೊಂದರೆ ಕಾಣಿಸಿತು. ಎರಡು ಹಳಿಯನ್ನು ಹಿಡಿದಿಡುವ ಸ್ಲೀಪರ್ ಇಲ್ಲದ್ದರಿಂದ ಅವು ಒಂದರಿಂದೊಂದು ದೂರ ಸರಿಯತೊಡಗಿದವು, ಉಬ್ಬಿನ ಕೆಳಗೆ ಜಲ್ಲಿಯನ್ನು ಗಟ್ಟಿಯಾಗಿ ತುಂಬುವುದೂ ಆಗಲಿಲ್ಲ. ಕೆಲವೇ ವರ್ಷಗಳಲ್ಲಿ ಕಿತ್ತು ಹಾಕಿದರು. ಬಾರ್ಲೋನನ್ನು ದಡ್ಡ ಎಂದುಕೊಳ್ಳಬೇಡಿ. ಲಂಡನ್ನಿನ ಸೇಂಟ್ ಪ್ಯಾಂಕ್ರಾಸ್ ನಿಲ್ದಾಣದಲ್ಲಿ ನಡುವೆ ಒಂದೂ ಕಂಬವಿಲ್ಲದೆ ಹರಡಿದ ಮಾಡು ಇದೆಯಲ್ಲ, 1868ರದ್ದು, ಅದರ ಹಿಂದೆಯೂ ಇದೇ ಮನುಷ್ಯ.

ಕಿತ್ತ ಹಳಿ ಗುಜರಿ ಬೆಲೆಗೆ ಬಿದ್ದಿತ್ತು. ಗ್ರೋವರ್, ವಾರ್ಡ್ ಅದನ್ನೇ ಆರಿಸಿಕೊಂಡರು. ಇಲ್ಲಿ ಅವರ ಕೈಚಳಕ ನೋಡಿ. ರೈಲಿನ ಭಾರಕ್ಕೆ ನೆಲದ ಮೇಲೆ ಮಲಗಿದ್ದಾಗ ಆ ಹಳಿಯ ಗುಣವೇ ದೋಷವಾಗಿತ್ತು. ಎಬ್ಬಿಸಿ ನಿಲ್ಲಿಸಿದಾಗ ದೋಷವೇ ಗುಣವಾಯಿತು. ಚಪ್ಪಟೆ ಪಟ್ಟಿಯನ್ನು ನೆಟ್ಟಗೆ ನಿಲ್ಲಿಸಿ ಮೇಲಿಂದ ಒತ್ತಿದರೆ ಬಳುಕಿ ಬಾಗುತ್ತದೆ. ಮಡಿಕೆ ಇರುವ ತಗಡು ಬಾಗುವುದಿಲ್ಲ. ಬಾರ್ಲೋ ಹಳಿಗೆ ಆ ಮಡಿಕೆ ಹುಟ್ಟಿನಿಂದಲೇ ಬಂದಿದೆ. ಎರಡೆರಡು ಹಳಿಯನ್ನು ಕೂಡಿಸಿ, ರೆಕ್ಕೆಗೆ ರೆಕ್ಕೆ ರಿವೆಟ್ (ಕಾಯಿಸಿ ತಲೆ ಬಡಿದು ಕೂರಿಸುವ ಮೊಳೆ) ಹೊಡೆದರೆ ತೆಳ್ಳಗಿದ್ದೂ ಗಟ್ಟಿಯಾದ ಕಂಬ ಸಿದ್ಧ. ಮೇಲೆ ಹೋಗುತ್ತ ಅದೇ ಹಳಿಯನ್ನು ಬಾಗಿಸಿ ಕಮಾನು ಮಾಡಿದರು. ಕಾಲಿನಿಂದ ಕಾಲಿಗೆ ಒಂದೊಂದು ಅಂಕಣ ನೂರು ಅಡಿ, ಅಂಥವು ಎಂಟು. ಇಡೀ ಪಿಯರ್‌ಗೆ ಹಿಡಿದದ್ದು ಸುಮಾರು 370 ಟನ್ ಕಬ್ಬಿಣ. ಸಾವಿರ ಅಡಿಯ ಕಟ್ಟಡಕ್ಕೆ ಇದು ಏನೇನೂ ಅಲ್ಲ.

ಅಷ್ಟು ಕಡಿಮೆ ಕಬ್ಬಿಣ ಹಾಕಿದ್ದು ಬರೀ ಕಾಸು ಉಳಿಸಲು ಅಲ್ಲ. ನಾಲ್ಕು ಮಹಡಿ ನೀರು ಆರು ಗಂಟೆಯಲ್ಲಿ ಇಳಿಯಬೇಕಾದರೆ ಎಂಥ ಸೆಳೆತ ಇರಬೇಕು ಯೋಚಿಸಿ. ಅದರ ದಾರಿಗೆ ದಪ್ಪ ಕಲ್ಲಿನ ಕಂಬ ಅಡ್ಡ ನಿಲ್ಲಿಸಿದರೆ ನೀರು ಅದನ್ನು ದಿನವೂ ತಳ್ಳುತ್ತದೆ, ಬುಡದ ಮಣ್ಣು ಕೊರೆಯುತ್ತದೆ. ಕೋಲಿನಂಥ ಕಾಲಾದರೆ ನೀರಿಗೆ ಹಿಡಿಯಲು ಏನೂ ಸಿಗುವುದಿಲ್ಲ, ಸಂದಿಯಲ್ಲಿ ನುಸುಳಿ ಹೋಗುತ್ತದೆ. ಮೇಲಿನ ಹಲಗೆಗಳ ನಡುವೆ ಬೆರಳು ತೂರುವಷ್ಟು ಸಂದು ಬಿಟ್ಟಿರುವುದೂ ಇದೇ ಲೆಕ್ಕದಲ್ಲಿ. ಕೆಳಗಿಂದ ಅಲೆ ಎದ್ದು ಬಡಿದಾಗ ನೀರೂ ಗಾಳಿಯೂ ಸಂದಿನಿಂದ ಮೇಲಕ್ಕೆ ಚಿಮ್ಮಿ ಹೋಗಬೇಕು. ಸಂದು ಮುಚ್ಚಿದ್ದರೆ ಹಲಗೆಯನ್ನೇ ಎತ್ತಿ ಒಗೆಯುತ್ತದೆ. ಕಡಲಿಗೆ ಎದೆಯೊಡ್ಡಿ ನಿಂತ ಕಟ್ಟಡಗಳಿಗಿಂತ ಹೀಗೆ ದಾರಿ ಬಿಟ್ಟು ನಿಂತವು ಹೆಚ್ಚು ಬಾಳಿವೆ ಎಂಬುದು ನನ್ನ ಅನುಭವ.

ಇನ್ನು ನಿಮ್ಮ ಕಿಟಕಿ ಸರಳು. ನೀವು ಅಂಗಡಿಯಿಂದ ತಂದ ಸರಳು ಉಕ್ಕಿನದ್ದು. ಬಾರ್ಲೋ ಹಳಿ ಮೆದು ಕಬ್ಬಿಣದ್ದು, ಅಂದರೆ ಕುಲುಮೆಯಲ್ಲಿ ಕಲಕಿ, ಬಡಿದು, ಉರುಳೆಯಲ್ಲಿ ಎಳೆದು ಮಾಡಿದ ಹಳೇ ಕಾಲದ ಕಬ್ಬಿಣ. ಮುರಿದು ನೋಡಿದರೆ ಒಳಗೆ ಕಬ್ಬಿನ ಸಿಪ್ಪೆಯ ಹಾಗೆ ನಾರು ನಾರು ಕಾಣುತ್ತದೆ. ಕಬ್ಬಿಣದೊಂದಿಗೆ ಕಿಟ್ಟದ ಎಳೆಗಳೂ ಸೇರಿಕೊಂಡಿರುತ್ತವೆ. ತುಕ್ಕು ಹಿಡಿದರೂ ಪದರ ಪದರವಾಗಿ ಸುಲಿಯುತ್ತದೆ, ಒಮ್ಮೆಲೇ ಮುರಿಯುವುದಿಲ್ಲ, ಮುಂಚೆಯೇ ಸುಳಿವು ಕೊಡುತ್ತದೆ. ಬೀಡು ಹಾಗಲ್ಲ, ಒತ್ತಡಕ್ಕೆ ಬಂಡೆ, ಎಳೆದರೆ ಮಡಕೆ. ಹಾಗೆಂದು ಮೆದು ಕಬ್ಬಿಣ ತುಕ್ಕು ಹಿಡಿಯುವುದಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಹಿಡಿಯುತ್ತದೆ. ಎಲ್ಲಿ ಹಿಡಿಯುತ್ತದೆ ಎಂಬುದು ಮುಖ್ಯ. ಸದಾ ನೀರೊಳಗೆ ಇರುವ ಭಾಗಕ್ಕೆ ಆಮ್ಲಜನಕ ಕಡಿಮೆ, ಅಲ್ಲಿ ನಿಧಾನ. ಒಮ್ಮೆ ಒದ್ದೆಯಾಗಿ ಒಮ್ಮೆ ಒಣಗುವ, ಅಲೆ ಸಿಡಿಯುವ ಭಾಗದಲ್ಲಿ ಜೋರು. 14 ಮೀಟರ್ ಏರಿಳಿತ ಇರುವಲ್ಲಿ ಕಾಲಿನ ಬಹುಪಾಲು ಇದೇ ಸ್ಥಿತಿಯಲ್ಲಿರುತ್ತದೆ.

ಇದಕ್ಕಿಂತ ಕೆಟ್ಟ ಜಾಗ ಇನ್ನೊಂದಿದೆ, ಹೊರಗಿನಿಂದ ಕಾಣುವುದೇ ಇಲ್ಲ. ಎರಡು ಹಳಿಯ ರೆಕ್ಕೆಗಳನ್ನು ಸೇರಿಸಿ ರಿವೆಟ್ ಹೊಡೆದ ಕಡೆ ಕೂದಲೆಳೆಯ ಸಂದು ಉಳಿದಿರುತ್ತದೆ. ಬ್ರಷ್ ಅಲ್ಲಿಗೆ ಹೋಗದು, ಉಪ್ಪುನೀರು ಹೋಗುತ್ತದೆ. ಕಬ್ಬಿಣ ತುಕ್ಕಾದರೆ ಮೂಲಕ್ಕಿಂತ ಹಲವು ಪಟ್ಟು ಜಾಗ ಕೇಳುತ್ತದೆ. ಒಳಗೇ ಊದಿಕೊಂಡು ಎರಡು ತಟ್ಟೆಯನ್ನು ಬೇರೆ ಮಾಡುತ್ತದೆ, ನಡುವಿನ ರಿವೆಟ್ ತಲೆಯನ್ನೇ ಕಿತ್ತು ಹಾರಿಸುವಷ್ಟು ಶಕ್ತಿ ಅದಕ್ಕೆ. ನಾವು ಕೆಲಸಕ್ಕೆ ಸೇರಿದ ಹೊಸತರಲ್ಲಿ ಹಿರಿಯ ಮೇಸ್ತ್ರಿಯೊಬ್ಬರು ಕೈಗೆ ಸಣ್ಣ ಸುತ್ತಿಗೆ ಕೊಟ್ಟು, ಎಡಗೈ ಬೆರಳನ್ನು ರಿವೆಟ್ ತಲೆಯ ಒಂದು ಬದಿಗೆ ಇಟ್ಟು ಇನ್ನೊಂದು ಬದಿಗೆ ಮೆಲ್ಲಗೆ ಬಡಿಯಿರಿ ಅನ್ನುತ್ತಿದ್ದರು. ಗಟ್ಟಿ ರಿವೆಟ್ ಠಣ್ ಅನ್ನುತ್ತದೆ, ಬೆರಳಿಗೆ ಏನೂ ತಿಳಿಯುವುದಿಲ್ಲ. ಸಡಿಲವಾದದ್ದು ಡಬ್ ಅನ್ನುತ್ತದೆ, ಬೆರಳಿನ ಕೆಳಗೆ ಹಲ್ಲಿಯ ಎದೆಯ ಹಾಗೆ ಮಿಡಿಯುತ್ತದೆ. ಒಮ್ಮೆ ಒಂದು ನದಿ ಸೇತುವೆಯಲ್ಲಿ ನಾನು ತಪ್ಪಿಬಿದ್ದೆ. ಹೊಸದಾಗಿ ಬಣ್ಣ ಬಳಿದಿದ್ದರು, ಹೊಳೆಯುತ್ತಿತ್ತು, ಬಡಿಯದೆ ಸಹಿ ಹಾಕಿದೆ. ಮಳೆಗಾಲ ಕಳೆದ ಮೇಲೆ ಬಣ್ಣದ ಹಾಳೆಯೇ ಕಳಚಿ ಬಂತು, ಅದರ ಒಳಮೈಗೆ ಬೆರಳ ದಪ್ಪದ ತುಕ್ಕು ಅಂಟಿಕೊಂಡಿತ್ತು. ಕೆರೆಯದೆ ಬಳಿದಿದ್ದರು. ಅಂದಿನಿಂದ ಹೊಸ ಬಣ್ಣ ಕಂಡರೆ ನನಗೆ ಅನುಮಾನ ಜಾಸ್ತಿ.

ಹಾಗಾದರೆ ಕ್ಲೀವ್ಡನ್ ಪಿಯರ್ ಬಿದ್ದದ್ದು ತುಕ್ಕಿನಿಂದಲೋ ಬಿರುಗಾಳಿಯಿಂದಲೋ? ನೂರು ವರ್ಷದ ಅಲೆಗೆ ಅಲುಗದೆ ನಿಂತಿದ್ದದ್ದು ಬಿದ್ದದ್ದು ಪರೀಕ್ಷೆಯಲ್ಲಿ. ಜನ ಓಡಾಡುವ ಜಾಗವಾದ್ದರಿಂದ ವಿಮೆಗಾಗಿ ಭಾರದ ಪರೀಕ್ಷೆ ಮಾಡಿಸಬೇಕಿತ್ತು. 1970ರ ಅಕ್ಟೋಬರ್ 17ರಂದು ಪಾಲಿಥೀನ್ ತೊಟ್ಟಿಗಳನ್ನು ಹಲಗೆಯ ಮೇಲಿಟ್ಟು ನೀರು ತುಂಬುತ್ತ ಹೋದರು. ಗುರಿ ಚದರಡಿಗೆ 50 ಪೌಂಡ್, ನಮ್ಮ ಲೆಕ್ಕದಲ್ಲಿ ಚದರ ಮೀಟರಿಗೆ ಸುಮಾರು 244 ಕಿಲೋ. ಒಂದು ಚದರ ಮೀಟರಿನಲ್ಲಿ ಮೂರು ನಾಲ್ಕು ಜನ ಒತ್ತೊತ್ತಾಗಿ ನಿಂತಂತೆ, ಅದೂ ಅಂಕಣದ ಉದ್ದಕ್ಕೂ. ರಥೋತ್ಸವದ ಜಂಗುಳಿ ಅಂದುಕೊಳ್ಳಿ. ತುದಿಯ ಕಡೆಯ ಎರಡು ಅಂಕಣಗಳು ಕುಸಿದು ಕಡಲಿಗೆ ಬಿದ್ದವು. ಆ ಮಂಟಪದ ಕಟ್ಟೆ ನಡುನೀರಿನಲ್ಲಿ ಒಂಟಿಯಾಗಿ ಉಳಿಯಿತು.

ಆ ಪರೀಕ್ಷೆಯೇ ತಪ್ಪಾಗಿತ್ತು, ಸುಮ್ಮನೆ ಚೆನ್ನಾಗಿದ್ದದ್ದನ್ನು ಕೆಡವಿದರು ಎನ್ನುವವರು ಆ ಊರಲ್ಲಿ ಸಿಕ್ಕಾರು. ನಾನು ಒಪ್ಪುವುದಿಲ್ಲ. ನೀರಿನ ತೊಟ್ಟಿಗಳ ಬದಲು ಯಾವುದಾದರೂ ಬೇಸಿಗೆಯ ಸಂಜೆ ಸ್ಟೀಮರಿಗೆ ಕಾದು ನಿಂತ ಜನರಿದ್ದಿದ್ದರೆ? ಬೀಳುವುದಿದ್ದರೆ ನೀರಿನ ಭಾರಕ್ಕೆ ಬೀಳಲಿ. ಪರೀಕ್ಷೆ ಇರುವುದೇ ಅದಕ್ಕೆ.

ಆಮೇಲಿನ ಹತ್ತೊಂಬತ್ತು ವರ್ಷ ನಿಜವಾದ ಸಂರಕ್ಷಣೆಯ ಕಥೆ, ಅದರಲ್ಲಿ ಮೊದಲ ಹದಿನಾಲ್ಕು ಹದಿನೈದು ವರ್ಷ ಒಂದು ಬೋಲ್ಟನ್ನೂ ಯಾರೂ ತಿರುಗಿಸಲಿಲ್ಲ. ಕಾಗದ, ಸಭೆ, ಚಂದಾ ಎತ್ತುವುದು. 1972ರಲ್ಲಿ ಊರವರು ಟ್ರಸ್ಟ್ ಮಾಡಿಕೊಂಡರು. ಸ್ಥಳೀಯ ಆಡಳಿತಕ್ಕೆ ಅದು ಬೇಡದ ಹೊರೆ, ಕೆಡವಿಬಿಡೋಣ ಅಂದಿತು. 1980ರಲ್ಲಿ ಸಾರ್ವಜನಿಕ ವಿಚಾರಣೆ ನಡೆಯಿತು. ಹಳೇ ಕಟ್ಟಡಗಳ ಪರ ಸದಾ ದನಿಯೆತ್ತುತ್ತಿದ್ದ ಕವಿ ಜಾನ್ ಬೆಚಮನ್ ಕ್ಲೀವ್ಡನ್ ಪಿಯರಿನ ಪರವೂ ನಿಂತರು. 1979ರಲ್ಲಿ ಶುರುವಾದ ರಾಷ್ಟ್ರೀಯ ಪಿಯರ್ ಸಂಘದ ಬೆನ್ನಿಗೂ ಅವರಿದ್ದರು. ಕೆಡವುವುದು ಬೇಡ ಎಂದಾಯಿತು. ಆದರೆ ಬೇಡ ಎಂದವರು ದುಡ್ಡು ಕೊಡಲಿಲ್ಲ, ಅದು ಬಂದದ್ದು ಇನ್ನೂ ನಾಲ್ಕು ವರ್ಷ ಕಳೆದ ಮೇಲೆ, ಸರ್ಕಾರದ ಪರಂಪರೆ ನಿಧಿಗಳಿಂದ. 1985ರಲ್ಲಿ ಪಿಯರ್ ಬಿಚ್ಚಿ, ಪಕ್ಕದ ಪೋರ್ಟ್‌ಬರಿ ಬಂದರಿಗೆ ಒಯ್ದು, ಕೆರೆದು, ಕೆಟ್ಟದ್ದನ್ನು ಬದಲಿಸಿ, ಬಣ್ಣ ಬಳಿದು, ತಂದು ಜೋಡಿಸಿದರು. 1989ರ ಮೇ 27ಕ್ಕೆ ಮತ್ತೆ ತೆರೆಯಿತು. ತುದಿಯ ಕಟ್ಟೆ, ಮಂಟಪ ಪೂರ್ತಿಯಾಗಲು 1998 ಬರಬೇಕಾಯಿತು. 2001ರಲ್ಲಿ ಅದನ್ನು ಸಂರಕ್ಷಿತ ಕಟ್ಟಡಗಳ ಪಟ್ಟಿಯಲ್ಲಿ ಮೊದಲ ದರ್ಜೆಗೆ ಏರಿಸಿದರು.

ಪಟ್ಟಿಯ ಮಾತು ಬಂತು, ಬ್ರೈಟನ್ನಿನ ವೆಸ್ಟ್ ಪಿಯರ್ ನೆನಪಾಗದೆ ಇರದು. ಬರ್ಚ್ 1866ರಲ್ಲಿ ಕಟ್ಟಿದ್ದು, ಅವನ ಕೆಲಸಗಳಲ್ಲೇ ಚೆಂದದ್ದು ಎಂದು ಬಹಳ ಜನ ಒಪ್ಪುತ್ತಾರೆ. ಕ್ಲೀವ್ಡನ್ ಬಡವರ ಮನೆ ಹುಡುಗಿಯಾದರೆ ಇದು ಅರಮನೆಯದ್ದು: ನಾಟಕಶಾಲೆ, ಸಂಗೀತ ಮಂಟಪ, ಎಲ್ಲ ಇತ್ತು. 1975ರಲ್ಲಿ ಅಪಾಯ ಎಂದು ಮುಚ್ಚಿದರು. 1982ರಲ್ಲಿ ಮೊದಲ ದರ್ಜೆಯ ಪಟ್ಟಿಗೆ ಸೇರಿಸಿದರು. ನಂತರ ಇಪ್ಪತ್ತು ವರ್ಷ ಯಾರು ಕೊಡಬೇಕು, ಎಷ್ಟು ಕೊಡಬೇಕು, ಪಕ್ಕದಲ್ಲಿ ಏನು ಕಟ್ಟಿದರೆ ಖರ್ಚು ಹುಟ್ಟುತ್ತದೆ ಎಂಬ ಚರ್ಚೆ ನಡೆಯಿತು. ತುಕ್ಕಿಗೆ ಚರ್ಚೆ ಅರ್ಥವಾಗುವುದಿಲ್ಲವಲ್ಲ. 2002ರ ಡಿಸೆಂಬರ್ ಕೊನೆಗೆ ಒಂದು ಭಾಗ ಕುಸಿಯಿತು, 2003ರ ಮಾರ್ಚ್‌ನಲ್ಲೂ ಮೇನಲ್ಲೂ ಬೆಂಕಿ ಬಿತ್ತು. ಈಗ ಕಡಲಲ್ಲಿ ನಿಂತಿರುವುದು ಮೀನಿನ ಮುಳ್ಳಿನಂಥ ಅಸ್ಥಿಪಂಜರ. ಅದರ ಫೋಟೋ ತೆಗೆಯಲು ಜನ ಸೇರುತ್ತಾರೆ. ಇಂಗ್ಲೆಂಡಿನಲ್ಲಿ ಮೊದಲ ದರ್ಜೆ ಸಿಕ್ಕ ಪಿಯರುಗಳು ಎರಡೇ. ಒಂದು ಇದು, ಇನ್ನೊಂದು ನೀವು ನಡೆದದ್ದು. ಒಂದೇ ಗೌರವ ಪಡೆದ ಎರಡರಲ್ಲಿ ಒಂದು ಬಿದ್ದು ಎದ್ದಿತು, ಇನ್ನೊಂದು ನಿಂತಲ್ಲೇ ಸತ್ತಿತು.

ದುಡ್ಡು ಸುರಿದರೆ ಸಾಕೆ ಅಂದರೆ ಅದೂ ಸಾಲದು. ಹೇಸ್ಟಿಂಗ್ಸ್ ಪಿಯರ್ 2010ರಲ್ಲಿ ಸುಟ್ಟು ಹೋಗಿ, ಊರವರ ಷೇರು, ಲಾಟರಿ ನಿಧಿಯ ನೆರವಿನಿಂದ 2016ರಲ್ಲಿ ಎದ್ದಿತು. ಮರುವರ್ಷ ಬ್ರಿಟನ್ನಿನ ವಾಸ್ತುಶಿಲ್ಪಿಗಳ ಅತ್ಯುನ್ನತ ಸ್ಟರ್ಲಿಂಗ್ ಪ್ರಶಸ್ತಿ ಸಿಕ್ಕಿತು. ಅದೇ ವರ್ಷವೇ ಅದನ್ನು ನಡೆಸುತ್ತಿದ್ದ ಸಂಸ್ಥೆ ದಿವಾಳಿಯ ಅಂಚಿಗೆ ಬಂತು, ಮುಂದೆ ಖಾಸಗಿಯವರ ಕೈಗೆ ಹೋಯಿತು. ಕಟ್ಟುವುದಕ್ಕೆ ದಾನಿಗಳು ಸಿಗುತ್ತಾರೆ, ಗುದ್ದಲಿ ಪೂಜೆಗೆ ಮಂತ್ರಿಗಳೂ ಬರುತ್ತಾರೆ. ಪ್ರತಿ ವರ್ಷ ಬಣ್ಣ ಬಳಿಯುವುದಕ್ಕೆ ಯಾರೂ ರಿಬ್ಬನ್ ಕತ್ತರಿಸುವುದಿಲ್ಲ. ನೀವು ಕೊಟ್ಟ ಟಿಕೆಟ್ ದುಡ್ಡು ದುಬಾರಿ ಅನ್ನಿಸಿದ್ದರೆ ಅದು ಹೋದದ್ದು ಅಲ್ಲಿಗೇ.

ಕೊನೆಯ ಸಂಶಯ, ಬಿಚ್ಚಿ ಜೋಡಿಸಿದ್ದು ಹಳೆಯದು ಹೇಗೆ? ನಿಮ್ಮ ಮನೆ ಹೆಂಚಿನದಾಗಿದ್ದರೆ ಒಂದು ಮಾತು ಕೇಳುತ್ತೇನೆ. ಮಳೆಗಾಲಕ್ಕೆ ಮುಂಚೆ ಮಾಡಿನ ಹೆಂಚು ಕೈಯಾಡಿಸುತ್ತೀರಲ್ಲ, ಪ್ರತಿ ಸಲ ಹತ್ತಿಪ್ಪತ್ತು ಒಡಕು ಹೆಂಚು ಹೋಗಿ ಹೊಸದು ಬರುತ್ತದೆ, ಗೆದ್ದಲು ತಿಂದ ರೀಪು ಬದಲಾಗುತ್ತದೆ. ಅಜ್ಜ ಹಾಕಿಸಿದ ಹೆಂಚಲ್ಲಿ ಇಂದು ಎಷ್ಟು ಉಳಿದಿರಬಹುದು? ಆದರೂ ಅದು ಅಜ್ಜನ ಮನೆಯೇ. ಬಿಚ್ಚಿ ಜೋಡಿಸುವ ಗುಣ ಅದರ ಕಟ್ಟಡದಲ್ಲೇ ಇದೆ. ಹಳಿ, ರಿವೆಟ್, ಹಲಗೆಯ ಪಿಯರೂ ಅದೇ ಜಾತಿ.

ಆದರೆ ಇಷ್ಟಕ್ಕೇ ಬಿಟ್ಟರೆ ನಾನು ಪೂರ್ತಿ ಪ್ರಾಮಾಣಿಕನಾಗುವುದಿಲ್ಲ, ಹೆಂಚಿಗೂ ಹಳಿಗೂ ಒಂದು ವ್ಯತ್ಯಾಸವಿದೆ. ಹೆಂಚು ಈಗಲೂ ಸಿಗುತ್ತದೆ. ಬಾರ್ಲೋ ಹಳಿ ಎಲ್ಲೂ ಸಿಗದು. ಮೆದು ಕಬ್ಬಿಣವನ್ನು ಕುಲುಮೆಯಲ್ಲಿ ಕಲಕಿ ಮಾಡುವ ಕೊನೆಯ ಕಾರ್ಖಾನೆಯೂ ಇಂಗ್ಲೆಂಡಿನಲ್ಲಿ 1970ರ ದಶಕದಲ್ಲೇ ಮುಚ್ಚಿತು. ಇನ್ನು ಬದಲಿಸುವುದಿದ್ದರೆ ಹಳೇ ಕಬ್ಬಿಣವನ್ನೇ ಎಲ್ಲಿಂದಲೋ ಹುಡುಕಿ ತಂದು ಕಾಯಿಸಿ ಬಡಿಯಬೇಕು, ಇಲ್ಲವೇ ಉಕ್ಕು ಹಾಕಬೇಕು. ಹಾಗಾಗಿ ಇಂಥ ಕೆಲಸದಲ್ಲಿ ತಿಳಿದವರು ಕೆಟ್ಟ ತುಂಡನ್ನು ಎಸೆಯಲು ಅವಸರ ಮಾಡುವುದಿಲ್ಲ. ಕೆರೆದು, ಎಷ್ಟು ದಪ್ಪ ಉಳಿದಿದೆ ಅಳೆದು, ಭಾರ ಹೊರುತ್ತದೆ ಅಂದರೆ ಅದನ್ನೇ ಉಳಿಸುತ್ತಾರೆ. ಅದೊಂದೇ ಸಾಲದು ಅಂದರೆ ಪಕ್ಕಕ್ಕೆ ಆಸರೆ ಕೊಡುತ್ತಾರೆ. ನೀವು ನಡೆದ ಹಲಗೆ ಹಳೆಯದಲ್ಲ, ಅದರ ಚಿಂತೆ ಯಾರಿಗೂ ಇಲ್ಲ. ಕಾಲು ಮಾತ್ರ ರೈಲಿನಿಂದ ಬಂದದ್ದೇ ಆಗಿರಬೇಕು ಎಂಬ ಹಟ ಇದ್ದುದರಿಂದಲೇ ಅಷ್ಟು ದೂರ ಒಯ್ದು ತಂದದ್ದು. ಇಲ್ಲದಿದ್ದರೆ ಹೊಸ ಉಕ್ಕಿನಲ್ಲಿ ಅಂಥದ್ದೇ ಒಂದನ್ನು ನಿಲ್ಲಿಸುವುದು ಸಲೀಸಾಗಿತ್ತು.

ಮೊಮ್ಮಗುವನ್ನು ನೋಡಲು ಮತ್ತೆ ಹೋಗುತ್ತೀರಿ ತಾನೆ? ಆಗ ಇಳಿತದ ಹೊತ್ತು ನೋಡಿಕೊಂಡು ಹೋಗಿ. ಟಿಕೆಟ್ ಮನೆಗೆ ನುಗ್ಗುವ ಮುಂಚೆ (ಆ ಪುಟ್ಟ ಕೋಟೆಯಂಥ ಮನೆ ಹ್ಯಾನ್ಸ್ ಪ್ರೈಸ್ ಎಂಬ ವಾಸ್ತುಶಿಲ್ಪಿಯದ್ದು) ದಂಡೆಗೆ ಇಳಿದು, ಕಲ್ಲಿನ ಮೇಲೆ ಜಾರದ ಹಾಗೆ ನಿಂತು, ಕಾಲುಗಳನ್ನು ಕೆಳಗಿಂದ ನೋಡಿ. ಎರಡು ಹಳಿ ಸೇರಿದ ಗೆರೆ, ಅದರ ಉದ್ದಕ್ಕೂ ರಿವೆಟ್ ತಲೆಗಳ ಸಾಲು ಕಾಣುತ್ತದೆ. ಮೇಲೆ ನಡೆಯುವಾಗ ಹಲಗೆಗಳ ಮೇಲೆ ಪುಟ್ಟ ಹಿತ್ತಾಳೆ ಪಟ್ಟಿಗಳಿರುತ್ತವೆ. ದುಡ್ಡು ಕೊಟ್ಟವರ ಹೆಸರು, ತೀರಿಕೊಂಡವರ ನೆನಪು, ಮದುವೆಯ ವಾರ್ಷಿಕೋತ್ಸವ. ತುದಿಗೆ ಬರುವ ಎರಡು ಅಂಕಣ ಹತ್ತಿರವಾದಾಗ, 1970ರಲ್ಲಿ ಬಿದ್ದದ್ದು ಇಲ್ಲೇ ಎಂದು ಅಳಿಯನಿಗೆ ನೀವೇ ತೋರಿಸಬಹುದು. ಬೇಸಿಗೆಯಲ್ಲಾದರೆ 1946ರಲ್ಲಿ ಕಟ್ಟಿದ ವೇವರ್ಲಿ ಎಂಬ ಗಾಲಿ ಸ್ಟೀಮರ್ ಕೆಲವು ದಿನ ಆ ತುದಿಗೆ ಬಂದು ತಾಗುತ್ತದೆ, ಅದರ ವೇಳಾಪಟ್ಟಿ ಮೊದಲೇ ವಿಚಾರಿಸಿಕೊಳ್ಳಿ. ಹತ್ತಿ ಕೂತರೆ ಆಚೆ ದಡಕ್ಕೂ ಹೋಗಬಹುದು.